ಸರ್ವೆ ಕಲ್ಲಿನ ಕಥೆ: ಮನೆ ಕೊಳ್ಳುವವರಿಗೆ ನಾಲ್ಕು ಮಾತು



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡದಲ್ಲೂ ಇದೆ, ತಮಿಳಿನಲ್ಲೂ ಇದೆ. ಎರಡು ಭಾಷೆಯವರೂ ಒಂದೇ ಕಷ್ಟವನ್ನು ಉಂಡಿದ್ದಾರೆ ಎಂದಾಯಿತು. ಆದರೆ ಕಟ್ಟಿದ ಮನೆಯನ್ನು ಕೊಂಡು ನೋಡುವ ಕಷ್ಟದ ಬಗ್ಗೆ ಗಾದೆ ಮಾಡಿದ ಹಿರಿಯರು ಏನೂ ಹೇಳಿಲ್ಲ. ಆ ಮಾತನ್ನು ಇಂದು ನಾನು ಹೇಳಬೇಕೆಂದಿದ್ದೇನೆ.

ನಾನು ಹೆಚ್ಚು ಓದಿದವನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಲೆಡ್ಜರಿನಲ್ಲಿ ಇಂಗ್ಲಿಷು. ಸೂಲೂರಿನ ಸುತ್ತಮುತ್ತ ನಮ್ಮಂಥವರು ಎಷ್ಟೋ ಮಂದಿ ಹೀಗೆಯೇ ಬದುಕಿದ್ದೇವೆ. ಸಾಲದ ವಿಭಾಗದಲ್ಲಿ ಕುಳಿತಿದ್ದ ವರ್ಷಗಳಲ್ಲಿ ನೂರಾರು ಮನೆಗಳ ಕಾಗದಗಳು ನನ್ನ ಕೈಮೇಲೆ ಹಾದುಹೋದವು. ಆದರೂ ನನ್ನ ಸ್ವಂತ ಮನೆಯ ಅಳತೆಯಲ್ಲೇ ನಾನು ಏಮಾರಿದೆ. ಆ ಕಥೆಯಿಂದಲೇ ಆರಂಭಿಸುತ್ತೇನೆ.

ನಮ್ಮ ತಂದೆ 1974ರಲ್ಲಿ ಗ್ರಾಮನತ್ತದ ಒಂದು ಹಳೆಯ ಹೆಂಚಿನ ಮನೆ ಕೊಂಡರು. ಕನ್ನಡನಾಡಿನಲ್ಲಿ ಗ್ರಾಮಠಾಣ ಎನ್ನುವುದನ್ನೇ ನಮ್ಮ ಕಡೆ ನತ್ತ ಎನ್ನುತ್ತಾರೆ. ಕ್ರಯಪತ್ರದಲ್ಲಿ ಅಡಿ, ಗಜ ಯಾವುದೂ ಇರಲಿಲ್ಲ. ಚಕ್ಕುಬಂದಿ ಮಾತ್ರ ಇತ್ತು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಬಾವಿ, ಉತ್ತರಕ್ಕೆ ಬೀದಿ, ದಕ್ಷಿಣಕ್ಕೆ ಬೇವಿನ ಮರ. ಕೆಲವು ವರ್ಷಗಳಲ್ಲಿ ಬಾವಿ ಬತ್ತಿತು, ಅದನ್ನು ಮುಚ್ಚಿದರು. ಬೇವಿನ ಮರ ಗಾಳಿಗೆ ಬಿತ್ತು. 1980ರ ಹೊತ್ತಿಗೆ ಪೂರ್ವದ ಮನೆಯವರು ಕಾಂಪೌಂಡು ಗೋಡೆ ಎಬ್ಬಿಸಿದರು. ಆ ಮನೆಯ ಹಿರಿಯರನ್ನು ನಾವು ದೊಡ್ಡಪ್ಪ ಎಂದೇ ಕರೆಯುತ್ತಿದ್ದೆವು. ಗೋಡೆಗೆ ನೀರು ಹೊಯ್ಯಲು ನಮ್ಮ ತಾಯಿಯೇ ಕೊಡ ಕೊಟ್ಟಿದ್ದರು.

2004ರಲ್ಲಿ ಹಳೆಯ ಮನೆ ಕೆಡವಿ ಕಟ್ಟಲು ಹೊರಟಾಗ ಇಂಜಿನಿಯರು ಟೇಪು ಹಿಡಿದರು. ಹಳೆಯ ಅಡಿಪಾಯದ ಗುರುತು ನೋಡಿದರೆ ಗೋಡೆ ನಮ್ಮ ಕಡೆಗೆ ಒಂದೂವರೆ ಅಡಿ ಸರಿದಿತ್ತು. ಉದ್ದ 52 ಅಡಿ. ಲೆಕ್ಕ ಹಾಕಿ ನೋಡಿ, 78 ಚದರಡಿ. ಒಂದು ಸೆಂಟು ಎಂದರೆ 435.6 ಚದರಡಿ, ಅದರಲ್ಲಿ ಐದನೆಯ ಒಂದು ಪಾಲೂ ಇಲ್ಲ. ಆದರೆ ಅಷ್ಟು ನೆಲ ಬಿಟ್ಟುಕೊಟ್ಟರೆ ನಮ್ಮ ಮೆಟ್ಟಿಲಿಗೆ ಜಾಗವಿಲ್ಲ. ದೊಡ್ಡಪ್ಪ ಆಗಲೇ ತೀರಿಕೊಂಡಿದ್ದರು. ಅವರ ಮಕ್ಕಳನ್ನು ಕೇಳಿದಾಗ, ‘ಅಣ್ಣ, ಗೋಡೆ ಕಟ್ಟುವಾಗ ನಿಮ್ಮ ಅಪ್ಪ ಒಂದು ಮಾತು ಆಡಲಿಲ್ಲವಲ್ಲ’ ಎಂದರು. ಅದು ಸುಳ್ಳಲ್ಲ. ವಕೀಲರ ಹತ್ತಿರ ಹೋದೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಇಂಥ ನೆಲವನ್ನು ಮರಳಿ ಕೇಳಲು 12 ವರ್ಷ. ನಿಮಗೆ 24 ವರ್ಷ ಕಳೆದಿದೆ, ಕೇಸು ನಿಲ್ಲುವುದು ಕಷ್ಟ ಎಂದರು.

ಆಮೇಲೆ ಒಂದು ದಿನ ಅಪ್ಪನ ಹಳೆಯ ಪಂಚಾಂಗದ ನಡುವೆ ಮಡಚಿಟ್ಟ ಒಂದು ಕಾಗದ ಸಿಕ್ಕಿತು. 1990ರ ಸುಮಾರಿಗೆ ನತ್ತದ ಮನೆಗಳನ್ನು ಸರ್ಕಾರದವರು ಅಳೆಯಲು ಬಂದಾಗ ಕೊಟ್ಟ ನೋಟೀಸು ಅದು. ತಕರಾರಿದ್ದರೆ ತಿಳಿಸಿ ಎಂದು ತಮಿಳಿನಲ್ಲಿ ಅಚ್ಚಾಗಿತ್ತು. ಅಪ್ಪನಿಗೆ ತಮಿಳು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನಾನು ಬೇರೆ ಊರಿನ ಶಾಖೆಯಲ್ಲಿದ್ದೆ. ಗೋಡೆ ಎಲ್ಲಿತ್ತೋ ಅದೇ ಎಲ್ಲೆ ಎಂದು ದಾಖಲೆಯಾಯಿತು. ಯಾರೂ ಮೋಸ ಮಾಡಲಿಲ್ಲ. ನಾವು ಅಳೆಯಲಿಲ್ಲ, ಅಷ್ಟೇ.

ಈ ಪೆಟ್ಟು ತಿಂದ ಮೇಲೆ ನಾನು ಒಂದು ಪ್ರಶ್ನೆ ಹಿಡಿದು ಹೊರಟೆ. ನಮ್ಮ ನೆಲವನ್ನು ಮೊದಲು ಅಳೆದವರು ಯಾರು? ಯಾತಕ್ಕಾಗಿ ಅಳೆದರು? ಬೆಲೆ ಕಟ್ಟಿದವರು ಯಾರು? ಉತ್ತರ ಹುಡುಕುತ್ತ ಹೋದಂತೆ ಒಂದು ಮಾತು ಸ್ಪಷ್ಟವಾಯಿತು: ಇನ್ನೂರು ವರ್ಷಗಳಿಂದ ಈ ನೆಲವನ್ನು ಬಹಳ ಸಲ ಅಳೆದಿದ್ದಾರೆ, ಬಹಳ ಸಲ ಬೆಲೆ ಕಟ್ಟಿದ್ದಾರೆ, ಆದರೆ ಒಂದು ಸಲವೂ ಮನೆ ಕೊಳ್ಳುವವನಿಗಾಗಿ ಅಲ್ಲ. ಮನೆ ಕೊಳ್ಳುವ ನೀವು ಮೊದಲು ತಿಳಿಯಬೇಕಾದದ್ದು ಇದೇ.

ನಮ್ಮ ಕೊಯಮತ್ತೂರು ಸೀಮೆ 17ನೆಯ ಶತಮಾನದ ಕೊನೆಯ ಭಾಗದಿಂದ ಮೈಸೂರಿನ ಅರಸರ ಕೈಯಲ್ಲಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನರು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಆಗ ನಮ್ಮ ಕಡೆ ಹೊಲವನ್ನು ‘ವಳ್ಳ’ದಲ್ಲಿ ಹೇಳುತ್ತಿದ್ದರು. ಈಗಲೂ ಹಳಬರ ಬಾಯಲ್ಲಿ ಆ ಮಾತು ಉಂಟು. ಒಂದು ವಳ್ಳ ಎಂದರೆ ಹತ್ತಿರ ಹತ್ತಿರ ನಾಲ್ಕು ಎಕರೆ. ಊರಿಂದೂರಿಗೆ ಅಳತೆಯ ಕೋಲು ಬೇರೆ ಬೇರೆ.

ಕಂಪನಿಯವರಿಗೆ ಇದು ಸರಿಬರಲಿಲ್ಲ. ಪ್ರತಿ ರೈತನಿಂದ ನೇರವಾಗಿ ಕಂದಾಯ ವಸೂಲು ಮಾಡಬೇಕಾದರೆ ಪ್ರತಿ ಹೊಲದ ಅಳತೆ ಬೇಕು. ಪಕ್ಕದ ಬಾರಾಮಹಲಿನಲ್ಲಿ ಅಲೆಗ್ಸಾಂಡರ್ ರೀಡ್ ಮತ್ತು ಅವರ ಕೈಕೆಳಗಿದ್ದ ತಾಮಸ್ ಮನ್ರೋ 1792ರಿಂದ 1799ರವರೆಗೆ ಈ ಕ್ರಮವನ್ನು ಬೆಳೆಸಿದರು. ಅದೇ ಮುಂದೆ ರೈತವಾರಿ ಪದ್ಧತಿ ಎನಿಸಿ ಮದರಾಸು ಪ್ರಾಂತ್ಯದ ಬಹುಭಾಗಕ್ಕೆ ಹಬ್ಬಿತು. ಅಳತೆಯ ಗುರಿ ಕಂದಾಯ, ಇದನ್ನು ನೆನಪಿಡಿ.

ಅದೇ ಕಾಲದಲ್ಲಿ ಇನ್ನೊಂದು ದೊಡ್ಡ ಅಳತೆಯೂ ನಡೆಯಿತು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1800ರಲ್ಲಿ ಬೆಂಗಳೂರಿನ ಹತ್ತಿರ, 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಉಕ್ಕಿನ ಸರಪಳಿ ಹಾಸಿ ಅಳತೆ ಆರಂಭಿಸಿದರು. ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟಗಳ ಮೇಲೂ ಗೋಪುರಗಳ ಮೇಲೂ ಏರಿಸಿ, ತ್ರಿಕೋನಗಳನ್ನು ಹೆಣೆಯುತ್ತ ಕನ್ಯಾಕುಮಾರಿಯ ದಿಕ್ಕಿಗೆ ಹೋದರು. ಆಗಿನ ಕೊಯಮತ್ತೂರು ಜಿಲ್ಲೆಯ ಪಚ್ಚಾಪಾಳಯಂನಲ್ಲಿ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನು ಗುಣಿಸಿದರು. ಭೂಮಿಯ ಆಕಾರವನ್ನೇ ತಿಳಿಯುವ ಮಹತ್ತರ ಕೆಲಸ ಅದು. ಆದರೆ ನಮ್ಮ ಹೊಲದ ಬದು ಎಲ್ಲಿದೆ ಎಂಬುದನ್ನು ಅದು ಹೇಳಲಿಲ್ಲ.

ಬದುವನ್ನು ಹಿಡಿದದ್ದು 1858ರಲ್ಲಿ ಮದರಾಸಿನಲ್ಲಿ ಸ್ಥಾಪನೆಯಾದ ಸರ್ವೆ ಇಲಾಖೆ. 1887ರಲ್ಲಿ ನಿಕಲ್ಸನ್ ಎಂಬ ಅಧಿಕಾರಿ ಬರೆದ ಕೊಯಮತ್ತೂರು ಜಿಲ್ಲೆಯ ಕೈಪಿಡಿ ಹೊರಬರುವಷ್ಟರಲ್ಲಿ ನಮ್ಮ ಜಿಲ್ಲೆಯ ಹೊಲಗಳಿಗೆ ಸರ್ವೆ ನಂಬರು ಬಂದಿತ್ತು. ಕೆಲಸ ಹೇಗೆ ನಡೆಯುತ್ತಿತ್ತು ಕೇಳಿ. ಹೊಲದ ಮೂಲೆಗಳಿಗೆ ಕಲ್ಲು ನೆಡುವುದು. ಕಲ್ಲಿನಿಂದ ಕಲ್ಲಿಗೆ ಸರಪಳಿ ಎಳೆದು ಹೊಲವನ್ನು ತ್ರಿಕೋನಗಳಾಗಿ ಒಡೆಯುವುದು. ನಡುಗೆರೆಯಿಂದ ಅಂಕುಡೊಂಕಾದ ಬದುವಿಗೆ ಅಡ್ಡ ಅಳತೆ ತೆಗೆಯುವುದು. ಇದನ್ನೆಲ್ಲ ಬರೆದಿಡುವ ಪುಸ್ತಕವೇ ನಮ್ಮ ಕಡೆ ಎಲ್ಲರೂ ಹೇಳುವ ಎಫ್.ಎಂ.ಬಿ. ಗಂಟರ್ ಸರಪಳಿ 66 ಅಡಿ ಉದ್ದ, ಅದರಲ್ಲಿ 100 ಕೊಂಡಿ. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. ಎಕರೆಯ ನೂರನೆಯ ಒಂದು ಪಾಲು ನಮ್ಮ ಸೆಂಟು.

ಅಳತೆಯ ಬೆನ್ನಿಗೆ ಬೆಲೆ ಕಟ್ಟುವ ಕೆಲಸ ಬಂತು. ಅದಕ್ಕೆ ಸೆಟ್ಲ್‌ಮೆಂಟ್ ಎಂದು ಹೆಸರು. ಮಣ್ಣನ್ನು ಕರಿಮಣ್ಣು, ಕೆಮ್ಮಣ್ಣು ಎಂದು ವಿಂಗಡಿಸಿ ‘ತರಂ’ ನಿಗದಿ ಮಾಡಿದರು. ಬೇಸಾಯದ ಖರ್ಚು ಕಳೆದು ಉಳಿದ ಉತ್ಪತ್ತಿಯಲ್ಲಿ ಅರ್ಧ ಸರ್ಕಾರದ್ದು ಎಂಬುದು ಸೂತ್ರ; ಮೂವತ್ತು ವರ್ಷಕ್ಕೊಮ್ಮೆ ಪರಿಷ್ಕರಣೆ. ಇದರಲ್ಲಿ ಮನೆ ಕೊಳ್ಳುವವರಿಗೆ ಎರಡು ಪಾಠ ಇವೆ.

ಒಂದು: ಹತ್ತಿ ಬೆಳೆಯುವ ಕರಿಮಣ್ಣಿಗೆ ಅವರು ಮೇಲಿನ ದರ್ಜೆ ಕೊಟ್ಟರು. ಸೂಲೂರು, ಪಲ್ಲಡಂ ಕಡೆಯ ಕರಿಮಣ್ಣು ಹತ್ತಿಗೆ ತಾಯಿ, ಮನೆಯ ಅಡಿಪಾಯಕ್ಕೆ ಮಲತಾಯಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆಗೆ ಸೀಳು ತರುತ್ತದೆ. ಕಂದಾಯದ ದೃಷ್ಟಿಯಲ್ಲಿ ಒಳ್ಳೆಯ ನೆಲ ಮನೆಯ ದೃಷ್ಟಿಯಲ್ಲಿ ಒಳ್ಳೆಯದಾಗಬೇಕಿಲ್ಲ.

ಎರಡು: ಊರೊಳಗಿನ ನತ್ತಕ್ಕೆ ಕಂದಾಯ ಇರಲಿಲ್ಲ. ಕಂದಾಯವಿಲ್ಲದ ನೆಲವನ್ನು ಮನೆ ಮನೆಗೆ ಹೋಗಿ ಅಳೆಯುವ ಶ್ರಮ ಯಾರು ಪಡುತ್ತಾರೆ? ಊರಿನ ಸುತ್ತ ಒಂದು ಗೆರೆ ಎಳೆದು, ಇಡೀ ನತ್ತಕ್ಕೆ ಒಂದು ಸರ್ವೆ ನಂಬರು ಕೊಟ್ಟು ಬಿಟ್ಟರು. ಒಳಗಿನ ಮನೆಗಳ ಎಲ್ಲೆ ಜನರ ಬಾಯಲ್ಲಿ, ಬಾವಿ-ಬೇವಿನ ಮರಗಳಲ್ಲಿ ಉಳಿಯಿತು. ನೂರು ವರ್ಷ ಹೀಗೆಯೇ ನಡೆದು, 1980ರ ದಶಕದ ಕೊನೆಯಲ್ಲಿ ನತ್ತದ ಸರ್ವೆ ಆರಂಭವಾಯಿತು. ನಮ್ಮ ಅಪ್ಪ ಪಂಚಾಂಗದಲ್ಲಿ ಇಟ್ಟ ಕಾಗದ ಬಂದದ್ದು ಆಗಲೇ.

ಹಾಗಾದರೆ ಸರ್ಕಾರ ಅಳೆದದ್ದು ತಪ್ಪಾದರೆ ದಾರಿ ಇಲ್ಲವೇ? ಇದೆ. 1923ರಲ್ಲಿ ಮದರಾಸಿನ ಸರ್ವೆ ಮತ್ತು ಎಲ್ಲೆಗಳ ಕಾಯಿದೆ ಬಂತು. ಅಳತೆಗೆ ಮುಂಚೆ ಪ್ರಕಟಣೆ ಮಾಡಬೇಕು, ಎಲ್ಲೆ ನಿರ್ಧಾರವಾದ ಮೇಲೆ ಸಂಬಂಧಪಟ್ಟವರಿಗೆ ತಿಳಿಸಬೇಕು, ಅವರು ಮೇಲ್ಮನವಿ ಮಾಡಬಹುದು. ಸರ್ವೆ ಮುಗಿಯಿತು ಎಂದು ಅಧಿಸೂಚನೆ ಬಂದ ಮೂರು ವರ್ಷದೊಳಗೆ ಸಿವಿಲ್ ಕೋರ್ಟಿಗೂ ಹೋಗಬಹುದು. ಮೂರು ವರ್ಷ ಕಳೆದರೆ ಸರ್ವೆಯ ಎಲ್ಲೆಯೇ ಎಲ್ಲೆ. ಇನ್ನೊಂದು ಮಾತನ್ನೂ ಆ ಕಾಯಿದೆ ಹೇಳುತ್ತದೆ: ಸರ್ವೆ ಕಲ್ಲನ್ನು ಕಾಪಾಡುವುದು ನೆಲದ ಪಟ್ಟಾದಾರನ ಹೊಣೆ. ಬಟ್ಟೆ ಒಗೆಯಲು ಕಲ್ಲು ಕಿತ್ತವರು, ದನ ಕಟ್ಟಲು ಕಲ್ಲು ಸರಿಸಿದವರು ನಮ್ಮೂರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಮ್ಮ ಸಾಕ್ಷಿಯನ್ನು ತಾವೇ ಕಿತ್ತೆಸೆದಂತೆ ಅದು.

ಈಗ ಗಡಿಯ ಮಾತಿಗೆ ಬರೋಣ. ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೂ ನಮ್ಮ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಹೋಯಿತು. ಕನ್ನಡ ಮಾತಾಡುವ ತಾಳವಾಡಿ ಈ ಕಡೆ ಉಳಿಯಿತು. ಆದ್ದರಿಂದ ಕೊಳ್ಳೇಗಾಲದ ಹಳೆಯ ದಾಖಲೆಗಳ ಬೇರು ಮದರಾಸಿನ ಸರ್ವೆಯಲ್ಲಿದೆ. ಮಗಳನ್ನು ಆ ಕಡೆ ಕೊಟ್ಟವರು, ಈ ಕಡೆ ನೆಲ ಕೊಳ್ಳುವವರು ಲೆಕ್ಕದಲ್ಲಿ ಎಡವುವುದು ಇಲ್ಲೇ. ಕರ್ನಾಟಕದ ಗುಂಟೆ ಎಂದರೆ 1,089 ಚದರಡಿ, ಎರಡೂವರೆ ಸೆಂಟು. ತಮಿಳುನಾಡಿನ ಈಗಿನ ಪಟ್ಟಾದಲ್ಲಿ ಬರುವುದು ಹೆಕ್ಟೇರು ಮತ್ತು ಏರ್. ಒಂದು ಏರ್ ಎಂದರೆ 100 ಚದರ ಮೀಟರು, ಸುಮಾರು 1,076 ಚದರಡಿ. ಗುಂಟೆಗೂ ಏರ್‌ಗೂ ಹದಿಮೂರು ಚದರಡಿಯಷ್ಟೇ ಅಂತರ, ಒಂದೇ ಎಂದುಕೊಳ್ಳುವವರಿದ್ದಾರೆ. ಐದು ಸೆಂಟಿನ ಸೈಟು ಪಟ್ಟಾದಲ್ಲಿ ಎರಡು ಏರ್ ಚಿಲ್ಲರೆ ಎಂದು ಬರುತ್ತದೆ. ಕ್ರಯಪತ್ರದಲ್ಲಿ ಸೆಂಟು, ಪಟ್ಟಾದಲ್ಲಿ ಏರ್, ಮಾತುಕತೆಯಲ್ಲಿ ಗುಂಟೆ ಇದ್ದರೆ ಮೂರನ್ನೂ ಚದರಡಿಗೆ ಇಳಿಸಿ ಹೋಲಿಸಿ ನೋಡಿ. ಮನೆಯ ಮಕ್ಕಳಿಗೆ ಹೇಳಿದರೆ ಐದು ನಿಮಿಷದ ಕೆಲಸ.

ಏರ್, ಹೆಕ್ಟೇರು ನಮ್ಮ ಪಟ್ಟಾಗಳಿಗೆ ಬಂದ ಕಾಲದಲ್ಲೇ ಇನ್ನೊಂದು ಗಲಿಬಿಲಿಯೂ ಆಯಿತು. ತಮಿಳುನಾಡಿನಲ್ಲಿ 1979ರಿಂದ 1987ರವರೆಗೆ ಯು.ಡಿ.ಆರ್. ಎಂಬ ಯೋಜನೆ ನಡೆಯಿತು. ಹಳೆಯ ದಾಖಲೆಯಲ್ಲಿ ಅಜ್ಜಂದಿರ ಹೆಸರು ಇತ್ತು. ಅದನ್ನು ಈಗಿನ ಅನುಭವದಾರರ ಹೆಸರಿಗೆ ತರುವುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಆದರೆ ಆ ಕೆಲಸ ನಡೆಯುತ್ತಿದ್ದಾಗಲೇ, 1980ರ ನವೆಂಬರಿನಲ್ಲಿ, ವಂಶಪಾರಂಪರ್ಯವಾಗಿ ಬಂದಿದ್ದ ಗ್ರಾಮಾಧಿಕಾರಿಗಳ ಹುದ್ದೆಗಳನ್ನು ಸರ್ಕಾರ ರದ್ದು ಮಾಡಿತು. ಕರ್ಣಂ, ಅಂದರೆ ನಮ್ಮ ಶಾನುಭೋಗರು, ಮನೆಗೆ ಹೋದರು. ಅವರಲ್ಲಿ ಒಳ್ಳೆಯವರೂ ಇದ್ದರು, ದರ್ಪದವರೂ ಇದ್ದರು. ಹುದ್ದೆ ಹುಟ್ಟಿನಿಂದ ಬರಬಾರದು ಎಂಬುದು ನ್ಯಾಯವೇ. ಆದರೆ ಯಾವ ಹೊಲವನ್ನು ಅಣ್ಣತಮ್ಮಂದಿರು ಎಂದು ಹಂಚಿಕೊಂಡರು, ಯಾವ ಕಲ್ಲು ಯಾವ ಬೇಲಿಯೊಳಗೆ ಹೂತಿದೆ ಎಂಬುದು ಅವರ ತಲೆಯಲ್ಲಿತ್ತು. ಕಾಗದ ಹೊಸದಾಗುತ್ತಿದ್ದ ವರ್ಷಗಳಲ್ಲೇ ಊರಿನ ನೆನಪು ಬಾಗಿಲು ಹಾಕಿಕೊಂಡಿತು.

ಅದರ ಫಲವನ್ನು ಬ್ಯಾಂಕಿನ ಕೌಂಟರಿನಲ್ಲಿ ನಾನು ಕಂಡೆ. ಅಣ್ಣನ ಹೆಸರು ಮಾತ್ರ ಬಂದು ತಮ್ಮನ ಹೆಸರು ಬಿಟ್ಟುಹೋದ ಪಟ್ಟಾ. ಎರಡು ಎಕರೆ ಒಂದೂಮುಕ್ಕಾಲಾದ ಪಟ್ಟಾ. ಪಕ್ಕದವನ ಉಪವಿಭಾಗದ ನಂಬರು ಇವನಿಗೆ, ಇವನದು ಅವನಿಗೆ. ಸಾಲಕ್ಕೆಂದು ಬಂದು, ಕಾಗದ ನೋಡಿ ಬೆಚ್ಚಿ, ಬರಿಗೈಯಲ್ಲಿ ಹೋದವರನ್ನು ಎಷ್ಟೋ ಸಲ ಕಂಡಿದ್ದೇನೆ. ಯು.ಡಿ.ಆರ್. ತಪ್ಪುಗಳನ್ನು ತಿದ್ದಲು ಕಂದಾಯ ಅಧಿಕಾರಿಗಳಿಗೆ ಈಗಲೂ ಅರ್ಜಿ ಕೊಡಬಹುದು. ಆದರೆ ತಿದ್ದಿಸುವ ಕೆಲಸ ಮಾರುವವನದು; ನೀವು ಮುಂಗಡ ಕೊಟ್ಟ ಮೇಲೆ ಅವನಿಗೆ ಅದರ ಅವಸರ ಇರುವುದಿಲ್ಲ. ಅದಕ್ಕೇ 1979ಕ್ಕೆ ಹಿಂದಿನ ದಾಖಲೆ ಕೇಳಿ ನೋಡಬೇಕು. ಈಗಿನ ಪಟ್ಟಾವನ್ನು ಹಳೆಯದರ ಪಕ್ಕದಲ್ಲಿಟ್ಟರೆ ತಪ್ಪು ತಾನಾಗಿ ಕಾಣುತ್ತದೆ.

‘ಪಟ್ಟಾ ಇದೆ, ರಿಜಿಸ್ಟರ್ ಆಗಿದೆ, ಇನ್ನೇನು ಭಯ?’ ಎಂದು ನೀವು ಕೇಳಬಹುದು. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟಾರೆನ್ಸ್ ಎಂಬವರು ತಂದ ಕಾಯಿದೆಯಲ್ಲಿ, ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವನೇ ಒಡೆಯ ಎಂದು ಸರ್ಕಾರವೇ ಖಾತರಿ ಕೊಡುತ್ತದೆ. ನಮ್ಮ 1908ರ ನೋಂದಣಿ ಕಾಯಿದೆ ಹಾಗಲ್ಲ. ಅದು ಕಾಗದವನ್ನು ನೋಂದಾಯಿಸುತ್ತದೆ, ಒಡೆತನವನ್ನಲ್ಲ. ಪಟ್ಟಾ ಕಂದಾಯದ ದಾಖಲೆ. ಅದೊಂದರಿಂದಲೇ ಹಕ್ಕು ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಬರೀ ಪವರ್ ಆಫ್ ಅಟಾರ್ನಿ ಬರೆಸಿಕೊಂಡರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಮೂಲಪತ್ರಗಳ ಸರಣಿ, ಋಣಭಾರ ಪತ್ರ, ಪಟ್ಟಾ, ಎಫ್.ಎಂ.ಬಿ. ನಕ್ಷೆ, ನೆಲದ ಮೇಲಿನ ಕಲ್ಲು, ಈ ಐದೂ ಒಂದೇ ಮಾತು ಹೇಳಬೇಕು. ಋಣಭಾರ ಪತ್ರ ಎಂದರೆ ನಮ್ಮ ಬೀದಿಯ ಮಾತಿನಲ್ಲಿ ವಿಲ್ಲಂಗ ಸರ್ಟಿಫಿಕೇಟು. ಐದರಲ್ಲಿ ಒಂದು ಬೇರೆ ಮಾತಾಡಿದರೂ ಮುಂಗಡ ಕೊಡಬೇಡಿ.

ಇನ್ನು ಬೆಲೆಯ ಮಾತು. ಒಂದೇ ಮನೆಗೆ ಮೂರು ಬೆಲೆ ಇವೆ.

ಮೊದಲನೆಯದು ಸರ್ಕಾರದ ಮಾರ್ಗದರ್ಶಿ ಬೆಲೆ. ಸ್ಟಾಂಪು ಉಳಿಸಲು ಕ್ರಯಪತ್ರದಲ್ಲಿ ಕಡಿಮೆ ಬರೆಸುವುದು ಹಳೆಯ ಚಾಳಿ. ಇದನ್ನು ತಡೆಯಲು ಮದರಾಸು ರಾಜ್ಯ 1967ರಲ್ಲಿ ಸ್ಟಾಂಪು ಕಾಯಿದೆಗೆ 47-ಎ ಎಂಬ ಕಲಮು ಸೇರಿಸಿತು. ಬೆಲೆ ಕಡಿಮೆ ಎಂದು ನೋಂದಣಿ ಅಧಿಕಾರಿಗೆ ಅನಿಸಿದರೆ ಕಲೆಕ್ಟರಿಗೆ ಕಳಿಸಬಹುದು. ಬೀದಿ ಬೀದಿಗೆ, ಸರ್ವೆ ನಂಬರಿಗೆ ಬೆಲೆ ಬರೆದಿಡುವ ಪದ್ಧತಿ ಬೆಳೆದದ್ದು ಇದರ ಆಧಾರದ ಮೇಲೆ. ಆದರೆ ಅದು ಸ್ಟಾಂಪಿನ ಬೆಲೆ, ಸಂತೆಯ ಬೆಲೆ ಅಲ್ಲ. 2017ರಲ್ಲಿ ತಮಿಳುನಾಡು ಸರ್ಕಾರ ಅದನ್ನು ಒಂದೇ ಏಟಿಗೆ ಶೇಕಡಾ 33ರಷ್ಟು ಇಳಿಸಿತು. 2023ರಲ್ಲಿ ಹಿಂದಿನ ಮಟ್ಟಕ್ಕೆ ಏರಿಸಿತು. 2024ರ ಜುಲೈಯಲ್ಲಿ ಮತ್ತೆ ಪರಿಷ್ಕರಿಸಿತು. ಅಷ್ಟರಲ್ಲಿ ನಿಮ್ಮ ಬೀದಿಯ ಮನೆಗಳು ಚಿಕ್ಕದಾಗಿ ದೊಡ್ಡದಾದವೇ?

ಎರಡನೆಯದು ಬ್ಯಾಂಕಿನ ಬೆಲೆ. ಬ್ಯಾಂಕಿನ ವ್ಯಾಲ್ಯೂಯರು ಬಂದು ನೆಲಕ್ಕೆ ಇಷ್ಟು, ಕಟ್ಟಡಕ್ಕೆ ವಯಸ್ಸು ಕಳೆದು ಇಷ್ಟು ಎಂದು ಬರೆಯುತ್ತಾರೆ. ನೀವು ಫೀಸು ಕೊಡುತ್ತೀರಿ, ಆದರೆ ವರದಿ ಬ್ಯಾಂಕಿಗಾಗಿ. ಸಾಲ ಮುಳುಗಿದರೆ ಹರಾಜಿನಲ್ಲಿ ಎಷ್ಟು ಬಂದೀತು ಎಂಬುದೇ ಅಲ್ಲಿನ ಚಿಂತೆ. ಗೋಡೆಯ ಸೀಳಿನಲ್ಲಿ ನಿಮ್ಮ ಮೊಮ್ಮಗು ಮಲಗುವ ಕೋಣೆ ಇದೆ ಎಂಬ ಚಿಂತೆ ಅಲ್ಲಿಲ್ಲ. ನಾನು ಆ ವರದಿಗಳನ್ನು ಫೈಲಿಗೆ ಹೊಲಿದವನು, ಬಲ್ಲೆ.

ಮೂರನೆಯದು ಮಾರುವವನು ಹೇಳುವ ಬೆಲೆ. ಅದಕ್ಕೆ ಲೆಕ್ಕವಿಲ್ಲ.

ಒಂದು ಉದಾಹರಣೆ ನೋಡಿ. ಮಾತಾದ ಬೆಲೆ 30 ಲಕ್ಷ. ಬ್ಯಾಂಕಿನ ವ್ಯಾಲ್ಯೂಯರು 26 ಲಕ್ಷ ಎಂದರು. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇಕಡಾ 90ರವರೆಗೆ ಕೊಡಬಹುದು. ಬ್ಯಾಂಕು ಕಡಿಮೆಯ ಬೆಲೆಯನ್ನೇ ಹಿಡಿಯುತ್ತದೆ. 26 ಲಕ್ಷಕ್ಕೆ ಹೆಚ್ಚೆಂದರೆ 23 ಲಕ್ಷದ 40 ಸಾವಿರ. ತಮಿಳುನಾಡಿನಲ್ಲಿ ಸ್ಟಾಂಪು ಮತ್ತು ವರ್ಗಾವಣೆ ತೆರಿಗೆ ಸೇರಿ ಶೇಕಡಾ 7, ನೋಂದಣಿ ಫೀಸು ಶೇಕಡಾ 2, ಒಟ್ಟು 9. ಮೂವತ್ತು ಲಕ್ಷಕ್ಕೆ 2 ಲಕ್ಷದ 70 ಸಾವಿರ. ಹಾಗಾದರೆ ನಿಮ್ಮ ಕೈಯಿಂದ ಹೋಗಬೇಕಾದದ್ದು 9 ಲಕ್ಷದ 30 ಸಾವಿರ. ‘ಶೇಕಡಾ ಹತ್ತು ಇದ್ದರೆ ಸಾಕು, ಉಳಿದದ್ದು ಬ್ಯಾಂಕು ಕೊಡುತ್ತದೆ’ ಎಂಬ ದಳ್ಳಾಳಿಯ ಮಾತು ನಂಬಿ 3 ಲಕ್ಷ ಹಿಡಿದು ಬಂದವರು ಉಳಿದ 6 ಲಕ್ಷಕ್ಕೆ ಮೀಟರ್ ಬಡ್ಡಿಗೆ ಹೋದದ್ದನ್ನು ಕಂಡಿದ್ದೇನೆ. ವ್ಯಾಲ್ಯೂಯರ ವರದಿ ಬರುವ ಮುಂಚೆ ದೊಡ್ಡ ಮುಂಗಡ ಕೊಡಬೇಡಿ. ಮಾರುವವನ 30ಕ್ಕೂ ವರದಿಯ 26ಕ್ಕೂ ನಡುವಿನ 4 ಲಕ್ಷ ಏಕೆ ಎಂದು ಕೇಳುವ ಹಕ್ಕು ನಿಮ್ಮದು. ಚೌಕಾಸಿ ಅಲ್ಲಿಂದಲೇ ಆರಂಭವಾಗಲಿ.

ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಆಸೆಯೂ ಬೇಡ. 2015ರಿಂದ ಆಸ್ತಿಯ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೆ ಮೇಲ್ಪಟ್ಟ ಹಣವನ್ನು ನಗದಾಗಿ ಪಡೆಯಲು ವರಮಾನ ತೆರಿಗೆ ಕಾನೂನು ಬಿಡುವುದಿಲ್ಲ. ನಾಳೆ ನೀವೇ ಮಾರುವಾಗ, ಇಂದು ಕಡಿಮೆ ಬರೆಸಿದ ಬೆಲೆಯೇ ನಿಮ್ಮ ಖರೀದಿ ಬೆಲೆ. ಲಾಭ ಹೆಚ್ಚಾಗಿ ಕಂಡು ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ಹೊಸ ಸೈಟು ಕೊಳ್ಳುವವರಿಗೆ ಇನ್ನೊಂದು ಮಾತು. ತಿರುಚ್ಚಿ ರಸ್ತೆಯ ಆಚೀಚೆ ಹೊಲಗಳೆಲ್ಲ ಸೈಟುಗಳಾದವು. ಒಪ್ಪಿಗೆಯಿಲ್ಲದ ಬಡಾವಣೆಗಳ ನೋಂದಣಿಯನ್ನು ಮದರಾಸು ಹೈಕೋರ್ಟು 2016ರ ಸೆಪ್ಟೆಂಬರಿನಲ್ಲಿ ತಡೆಯಿತು. 2017ರಲ್ಲಿ, 2016ರ ಅಕ್ಟೋಬರ್ 20ಕ್ಕೆ ಮುಂಚಿನ ಸೈಟುಗಳನ್ನು ಸಕ್ರಮ ಮಾಡುವ ನಿಯಮ ಬಂತು. ಹಸಿರು ಬಾವುಟ ನೆಟ್ಟ ಮಾತ್ರಕ್ಕೆ ಬಡಾವಣೆ ಆಗುವುದಿಲ್ಲ. ಒಪ್ಪಿಗೆಯ ನಂಬರು ಕೇಳಿ. ಸೂಲೂರಿನಲ್ಲಿ ಮತ್ತೆರಡು ವಿಷಯ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದ ವಿಮಾನದಾಣ ಇಂದು ವಾಯುಪಡೆಯ ನೆಲೆ; ಅದರ ಹತ್ತಿರ ಕಟ್ಟಡದ ಎತ್ತರಕ್ಕೆ ನಿರ್ಬಂಧ ಉಂಟು. ನೊಯ್ಯಲ್ ನದಿಯ ನೀರು ತುಂಬುವ ಎರಡು ಕೆರೆಗಳಿವೆ. ಕೆರೆ, ಕಾಲುವೆ ಪೊರಂಬೋಕು. 2007ರ ಕೆರೆ ಸಂರಕ್ಷಣೆಯ ಕಾಯಿದೆಯಂತೆ ಕೆರೆಯ ಒತ್ತುವರಿಯನ್ನು ತೆರವು ಮಾಡಿಸಬಹುದು; ಮನೆ ತೆರಿಗೆ ರಸೀದಿ ತೋರಿಸಿದರೆ ನಿಲ್ಲದು.

ಇಂಗ್ಲೆಂಡಿನಲ್ಲಿ 1868ರಲ್ಲೇ ಸರ್ವೆಯರುಗಳ ಸಂಸ್ಥೆ ಹುಟ್ಟಿತು. ಮನೆ ಕೊಳ್ಳುವವನು ತನ್ನ ಕಡೆಯಿಂದ ಒಬ್ಬ ಸರ್ವೆಯರನ್ನು ಕರೆತಂದು ಗೋಡೆ, ಸೂರು, ತೇವ ಎಲ್ಲ ನೋಡಿಸುವ ರೂಢಿ ಅಲ್ಲಿದೆ. ನಮ್ಮಲ್ಲಿ ಆ ರೂಢಿ ಇಲ್ಲ. ನಾವು ವಾಸ್ತು ನೋಡಿಸುತ್ತೇವೆ, ಗಳಿಗೆ ನೋಡಿಸುತ್ತೇವೆ, ಟೇಪು ಹಿಡಿಸುವುದಿಲ್ಲ. ಅದಕ್ಕೆ ನನ್ನ ಮಾತು ಇಷ್ಟೇ: ತಾಲೂಕು ಕಚೇರಿಗೆ ಅರ್ಜಿ ಹಾಕಿ, ಫೀಸು ಕಟ್ಟಿ, ಸರ್ಕಾರಿ ಸರ್ವೆಯರಿಂದ ಎಲ್ಲೆ ತೋರಿಸಿಕೊಳ್ಳಿ. ಪಟ್ಟಾ ಮಾರುವವನ ಹೆಸರಿನಲ್ಲಿರುವುದರಿಂದ ಅರ್ಜಿ ಅವನಿಂದಲೇ ಹಾಕಿಸಿ; ಅವನು ಹಿಂಜರಿದರೆ ಅದೇ ನಿಮಗೆ ಉತ್ತರ. ಅಳೆಯುವ ದಿನ ನಾಲ್ಕು ಕಡೆಯ ನೆರೆಯವರನ್ನೂ ಕರೆಯಿರಿ, ಕಾಫಿ ಕೊಡಿ, ಅವರ ಎದುರಲ್ಲೇ ಕಲ್ಲು ನೆಡಿ. ಕಟ್ಟಡವನ್ನು ಒಬ್ಬ ಇಂಜಿನಿಯರಿಗೆ ತೋರಿಸಿ, ಸಾಧ್ಯವಾದರೆ ಒಂದು ಮಳೆಯ ಮರುದಿನ. ಕಚೇರಿಯ ಕಾಗದ ಯಾವ ಭಾಷೆಯಲ್ಲೇ ಬರಲಿ, ಓದಲು ಬರುವವರಿಂದ ಅಂದೇ ಓದಿಸಿ. ಪಂಚಾಂಗದೊಳಗೆ ಇಡಬೇಡಿ.

ಕೊನೆಗೆ ನಮ್ಮ ಗೋಡೆಯ ಮಾತು ಹೇಳಿ ಮುಗಿಸುತ್ತೇನೆ. ನಾನು ಕೇಸು ಹಾಕಲಿಲ್ಲ. ಮೆಟ್ಟಿಲನ್ನು ಮನೆಯ ಒಳಗಡೆ ತಿರುಗಿಸಿದೆವು. ಒಂದು ಕೋಣೆ ಚಿಕ್ಕದಾಯಿತು. ದೊಡ್ಡಪ್ಪನ ಮಕ್ಕಳೊಡನೆ ಎರಡು ವರ್ಷ ಮಾತು ನಿಂತಿತ್ತು. ಅವರ ಮನೆಯ ಮದುವೆಗೆ ನಮ್ಮ ತಾಯಿ ಕರೆಯದಿದ್ದರೂ ಹೋಗಿ ಕುಳಿತರು. ಆಮೇಲೆ ಮಾತು ಬಂತು. ಈಗ ಆ ಗೋಡೆಯ ಎರಡು ತುದಿಗೂ ಕಲ್ಲು ನೆಟ್ಟಿದ್ದೇವೆ, ಎರಡು ಮನೆಯವರೂ ನಿಂತು. ನಾವು ಕಳೆದುಕೊಂಡ 78 ಚದರಡಿ ಆ ಕಲ್ಲಿನ ಆಚೆಯೇ ಇದೆ. ಆದರೆ ನಮ್ಮ ಮೊಮ್ಮಕ್ಕಳು ಈ ಜಗಳವನ್ನು ಮತ್ತೆ ಆಡಬೇಕಾಗಿಲ್ಲ.